ಹಳೆಯ ಕಪಾಟಿಗೊಂದು ಹೊಸ ಕೆಲಸ

ಬೇಸಗೆಯ ರಜೆಗೆ ಊರಿಗೆ ಹೋದ ಮಕ್ಕಳು ಜೂನ್ ತಿಂಗಳಲ್ಲಿ ಮುಂಬಯಿಗೆ ಮರಳುವಾಗ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಗಂಟಿನೊಡನೆ ಇನ್ನೊಂದು ಪುಟ್ಟ ಗಂಟನ್ನೂ ತರುವುದುಂಟು. ಮಲ್ಪೆ, ಮರವಂತೆ, ಗೋಕರ್ಣ, ಕಾರವಾರಗಳ ಕಡಲದಂಡೆಯಲ್ಲಿ ಆಯ್ದ ಕವಡೆ, ಶಂಖ, ಚಿಪ್ಪುಗಳ ಗಂಟು ಅದು. ಊರು ಕಡಲಿಗೆ ದೂರವಾದ ಮಕ್ಕಳು ಜುಹೂ, ವರ್ಸೋವಾಗಳ ದಂಡೆಯಿಂದ ತಮ್ಮ ಪಾಲನ್ನು ಸೇರಿಸುತ್ತಾರೆ. ನಮ್ಮ ಶಾಲೆಯ ವಿಜ್ಞಾನ ಮಂಡಲಿಯು ಇವನ್ನೆಲ್ಲ ಕೆಲವು ವರ್ಷಗಳಿಂದ ಒಟ್ಟುಗೂಡಿಸುತ್ತ ಬಂದಿದೆ. ಆದರೆ ಒಟ್ಟುಗೂಡಿಸಿದುದನ್ನು ಇಡುವುದೆಲ್ಲಿ ಎಂಬುದನ್ನು ನಾವು ಯೋಚಿಸಿರಲಿಲ್ಲ. ಬೂಟುಗಳು ಬಂದ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಮೆಟ್ಟಿಲುಗಳ ಕೆಳಗೆ ಇಟ್ಟಿದ್ದೆವು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಲ್ಲಿಗೆ ನೀರು ಹೊಕ್ಕಿತು. ಚಿಪ್ಪುಗಳಿಗೆ ಏನೂ ಆಗಲಿಲ್ಲ. ಕಡಲಿನಲ್ಲಿ ಹುಟ್ಟಿದ ವಸ್ತುವಿಗೆ ಒಂದು ರಾತ್ರಿಯ ನೀರು ಏನು ಮಾಡೀತು? ಹಾಳಾದುವು ಅವುಗಳ ಜೊತೆಗಿದ್ದ ಚೀಟಿಗಳು. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಯಾರು ತಂದರು ಎಂಬುದನ್ನು ಮಕ್ಕಳು ತಮ್ಮ ಕೈಯಾರೆ ಬರೆದಿದ್ದ ಚೀಟಿಗಳೆಲ್ಲ ಕರಗಿ ಮುದ್ದೆಯಾಗಿದ್ದುವು. ಏಳನೆಯ ತರಗತಿಯ ಒಬ್ಬ ಬಾಲಕಿ ಹಿಂದಿನ ವರ್ಷ ಅಜ್ಜಿಯೊಡನೆ ಮಲ್ಪೆಯಲ್ಲಿ ಆಯ್ದು ತಂದ ಶಂಖವನ್ನು ಹುಡುಕುತ್ತಿದ್ದಳು. ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದರು. ಒಂದೇ ಬಗೆಯ ನಾಲ್ಕು ಶಂಖಗಳನ್ನು ಅಂಗೈಯಲ್ಲಿಟ್ಟುಕೊಂಡು, “ಇದರಲ್ಲಿ ನನ್ನದು ಯಾವುದೆಂದು ಗೊತ್ತಾಗುತ್ತಿಲ್ಲ, ಟೀಚರ್” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಹೇಗಾದರೂ ಒಂದು ಗಾಜಿನ ಕಪಾಟನ್ನು ಮಾಡಿಸಲೇಬೇಕೆಂದು ನಾವು ನಿಶ್ಚಯಿಸಿದ್ದು ಅಂದು.

ಕಪಾಟು ಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಎಂಥ ಕಪಾಟು ಎಂಬಲ್ಲಿ ಭಿನ್ನಾಭಿಪ್ರಾಯ ತೋರಿತು. ಹೊಸ ಉಕ್ಕಿನ ಕಪಾಟೇ ಆಗಲಿ, ದಾನಿಗಳ ಹೆಸರನ್ನು ಅದರ ಮೇಲೆ ಬರೆಯಿಸೋಣ ಎಂದರು ಕೆಲವರು. ಇನ್ನೊಬ್ಬ ಹಿತೈಷಿಗಳು ಬೇರೆಯೇ ಒಂದು ಪ್ರಶ್ನೆಯನ್ನೆತ್ತಿದರು: “ವರ್ಷದಿಂದ ವರ್ಷಕ್ಕೆ ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಈ ಕಪಾಟನ್ನು ಯಾರಿಗಾಗಿ ಮಾಡುತ್ತೀರಿ?” ಈ ಎರಡು ಮಾತುಗಳಿಗೂ ನಮ್ಮ ಅಭಿಪ್ರಾಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಮೊದಲನೆಯದಕ್ಕೆ ಈಗಲೇ ಉತ್ತರವನ್ನು ಹೇಳುವೆವು. ಎರಡನೆಯದಕ್ಕೆ ಕೊನೆಯಲ್ಲಿ ಬರುವೆವು.

ನಾವು ಹೊಸದನ್ನು ಕೊಳ್ಳಲಿಲ್ಲ. ಹಳೆಯ ಸಾಮಾನುಗಳಿಗೆ ಹೆಸರಾದ ಚೋರ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ, ಪುಸ್ತಕಗಳನ್ನಿಡುವ ಒಂದು ಹಳೆಯ ತೇಗದ ಕಪಾಟನ್ನು ತಂದೆವು. ಆರು ಅಡಿ ಎತ್ತರ, ಮೂರೂವರೆ ಅಡಿ ಅಗಲ. ಗಾಜಿನ ಎರಡು ಬಾಗಿಲುಗಳು, ಅವುಗಳಲ್ಲಿ ಒಂದಕ್ಕೆ ಗಾಜೇ ಇರಲಿಲ್ಲ. ಈ ನಗರದಲ್ಲಿ ಹಳೆಯ ಮನೆಗಳೂ ಚಾಳುಗಳೂ ಉರುಳಿ ಅವುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಹೊಸ ಮನೆಗಳ ಕೋಣೆಗಳು ಚಿಕ್ಕವು. ಅಜ್ಜನ ಕಾಲದ ಕಪಾಟು ಅಲ್ಲಿಯ ಬಾಗಿಲಲ್ಲಿ ಹಿಡಿಯದೆ ಬೀದಿಗೆ ಬರುತ್ತದೆ. ಅದನ್ನು ಒಡೆದರೆ ಸೌದೆ, ಉಳಿಸಿದರೆ ಇನ್ನೊಂದು ತಲೆಮಾರಿಗೆ ಕಪಾಟು. ತೇಗದಲ್ಲಿ ಸಹಜವಾಗಿಯೇ ಇರುವ ಎಣ್ಣೆಯ ಅಂಶದಿಂದಾಗಿ ಅದು ತೇವವನ್ನೂ ಗೆದ್ದಲನ್ನೂ ಬಹುಮಟ್ಟಿಗೆ ತಡೆಯಬಲ್ಲದೆಂಬುದು ಎಲ್ಲರೂ ಬಲ್ಲ ವಿಷಯ. ಬೈಖಳಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವು 1872ರಲ್ಲಿ ತೆರೆದುದು. ಅದು ಜೀರ್ಣೋದ್ಧಾರಗೊಂಡು 2008ರಲ್ಲಿ ಮರಳಿ ತೆರೆದಾಗ, ಅದರ ಹಳೆಯ ಮರದ ಗಾಜುಪೆಟ್ಟಿಗೆಗಳನ್ನೂ ದುರಸ್ತಿಪಡಿಸಿ ಉಳಿಸಿಕೊಳ್ಳಲಾಗಿತ್ತು. ಅಂಥ ಸಂಸ್ಥೆಗೆ ಒಪ್ಪಿದ್ದು ನಮ್ಮ ಶಾಲೆಗೆ ಒಪ್ಪದೇ?

ಹಾಗೆಂದು ಹಳೆಯದೆಲ್ಲ ಒಳ್ಳೆಯದು, ಅಗ್ಗ, ಸುಲಭ ಎಂದು ನಾವು ಹೇಳುವುದಿಲ್ಲ. ಬೆಲೆ, ಸಾಗಣೆ, ಗಾಜು, ಬಡಗಿಯ ಕೂಲಿ ಎಲ್ಲವನ್ನೂ ಕೂಡಿಸಿದರೆ ಉಳಿತಾಯವೇನೂ ಹೆಚ್ಚಾಗಲಿಲ್ಲ. ಕೆಲಸವಂತೂ ಮೂರು ತಿಂಗಳು ನಡೆಯಿತು. ಆದರೆ ಆ ಮೂರು ತಿಂಗಳಲ್ಲಿ ಮಕ್ಕಳು ಕಲಿತುದನ್ನು ನೆನೆದರೆ, ಹೊಸ ಕಪಾಟು ಅಂಗಡಿಯಿಂದ ಒಂದೇ ದಿನದಲ್ಲಿ ಬಂದಿದ್ದರೆ ನಷ್ಟವೇ ಆಗುತ್ತಿತ್ತೆಂದು ನಮಗೆ ತೋರುತ್ತದೆ. ಸಂಗ್ರಹವನ್ನು ಕಾಪಾಡುವ ವಿದ್ಯೆಯು ಕಪಾಟನ್ನು ಸಿದ್ಧಪಡಿಸುವುದರಲ್ಲಿಯೇ ಇದೆ.

ಮೊದಲನೆಯ ಪಾಠ ಹುಳುವಿನದು. ಹಳೆಯ ಮರದಲ್ಲಿ ಸಣ್ಣ ತೂತುಗಳಿರುವುದು ಸಾಮಾನ್ಯ. ತೂತು ಹಳೆಯದೋ, ಒಳಗೆ ಹುಳು ಇನ್ನೂ ಜೀವಂತವಾಗಿದೆಯೋ ಎಂದು ತಿಳಿಯಲು ಮಕ್ಕಳು ಕಪಾಟಿನ ಕೆಳಗೆ ಕಪ್ಪು ಕಾಗದವನ್ನು ಹಾಸಿ ಎರಡು ವಾರ ಕಾದರು. ಹೊಸ ಹುಡಿ ಉದುರಿದ್ದರೆ ಹುಳು ಇದೆಯೆಂದರ್ಥ. ಹಿಂಬದಿಯ ಹಲಗೆಯ ಕೆಳಗೆ ಹುಡಿ ಕಂಡಿತು. ಅದು ತೇಗವಾಗಿರಲಿಲ್ಲ, ಯಾರೋ ನಡುವೆ ಜೋಡಿಸಿದ ಹಗುರ ಮರ. ಆ ಹಲಗೆಯನ್ನು ತೆಗೆದುಹಾಕಿದೆವು.

ಎರಡನೆಯದು ಬಣ್ಣದ ಪಾಠ. ಕಪಾಟಿಗೆ ಎಂದೋ ಹಸುರು ಬಣ್ಣ ಬಳಿದಿದ್ದರು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಅದರ ಹುಡಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರಕೂಡದೆಂಬ ಕೇಂದ್ರ ಸರಕಾರದ ನಿಯಮವು ಹೊರಟುದು 2016ರಲ್ಲಿ, ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ನಮ್ಮ ಕಪಾಟಿನ ಬಣ್ಣ ಅದಕ್ಕಿಂತ ಬಹಳ ಹಿಂದಿನದು. ಆದುದರಿಂದ ಬಣ್ಣ ತೆಗೆಯುವ ಕೆಲಸದಿಂದ ಮಕ್ಕಳನ್ನು ದೂರವಿರಿಸಿದೆವು. ದೊಡ್ಡವರೇ ಮುಖಕ್ಕೆ ತಕ್ಕ ಮುಸುಕು ಧರಿಸಿ, ಮರವನ್ನು ನೀರಿನಿಂದ ತೋಯಿಸಿ, ಹುಡಿ ಹಾರದಂತೆ ಉಜ್ಜಿದರು. ಹಳೆಯ ಪೀಠೋಪಕರಣಗಳನ್ನು ಮನೆಯಲ್ಲಿ ದುರಸ್ತಿ ಮಾಡಬಯಸುವ ಪಾಲಕರು ಇದನ್ನು ಮರೆಯಬಾರದು.

ಮೂರನೆಯ ಪಾಠವೇ ಎಲ್ಲಕ್ಕಿಂತ ಮಹತ್ವದ್ದು. ಮರದ ಕಪಾಟಿನಲ್ಲಿಟ್ಟ ಚಿಪ್ಪುಗಳ ಮೇಲೆ ಕೆಲವೊಮ್ಮೆ ಬಿಳಿಯ ಹುಡಿ ಮೂಡಿ, ಹೊಳಪು ಮಾಯವಾಗಿ, ಚಿಪ್ಪು ಕ್ರಮೇಣ ಸವೆದುಹೋಗುತ್ತದೆ. 1899ರಲ್ಲಿ ಲಾಫ್ಟಸ್ ಬೈನ್ ಎಂಬ ಇಂಗ್ಲಿಷ್ ಸಂಗ್ರಾಹಕನು ಇದನ್ನು ಕುರಿತು ಬರೆದು, ಬ್ಯಾಕ್ಟೀರಿಯಾಗಳೇ ಕಾರಣವೆಂದು ಭಾವಿಸಿದನು. ಅವನ ಊಹೆ ತಪ್ಪಾಗಿತ್ತು. ಆದರೂ ಅದಕ್ಕೆ ‘ಬೈನ್ ರೋಗ’ವೆಂಬ ಹೆಸರೇ ಉಳಿಯಿತು. ನಿಜವಾದ ಕಾರಣ ಮರದಿಂದ, ವಿಶೇಷವಾಗಿ ಓಕ್ ಮರದಿಂದ, ಹೊರಡುವ ಆಮ್ಲದ ಆವಿ. ಅಂಟು ಸೇರಿಸಿ ಒತ್ತಿದ ಇಂದಿನ ಹಲಗೆಗಳಿಂದಲೂ ಇಂಥ ಆವಿ ಹೊರಡುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದುದು. ಆಮ್ಲ ತಗಲಿದರೆ ಕರಗದೆ ಇರದು. ಒಡೆದ ಒಂದು ಚಿಪ್ಪಿನ ಚೂರನ್ನು ಲೋಟದಲ್ಲಿ ಹಾಕಿ ವಿನೆಗರನ್ನು ಸುರಿದಾಗ ಗುಳ್ಳೆಗಳೇಳುವುದನ್ನು ಕಂಡ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. “ಹಾಗಾದರೆ ಕಪಾಟೇ ಚಿಪ್ಪನ್ನು ತಿನ್ನುತ್ತದೆಯೇ?” ಎಂದು ಒಬ್ಬ ಹುಡುಗ ಬೆರಗಿನಿಂದ ಕೇಳಿದನು. ತಿನ್ನಬಲ್ಲದು, ಅದಕ್ಕಾಗಿಯೇ ಎಚ್ಚರಿಕೆ. ತೇಗವು ಓಕಿನಷ್ಟು ಅಪಾಯಕಾರಿಯಲ್ಲವಾದರೂ ಪೂರ್ಣ ನಿರ್ದೋಷಿಯೂ ಅಲ್ಲ. ಆದಕಾರಣ ಚಿಪ್ಪುಗಳನ್ನು ಮರದ ಮೇಲಿಡದೆ ಗಾಜಿನ ಅಡ್ಡಹಲಗೆಗಳ ಮೇಲೆ ಇಟ್ಟೆವು. ಹೊಸ ವಾರ್ನಿಷ್ ಪೂರ್ತಿಯಾಗಿ ಒಣಗಿ ವಾಸನೆ ಹೋಗುವವರೆಗೆ, ಆರು ವಾರಗಳ ಕಾಲ, ಬಾಗಿಲುಗಳನ್ನು ತೆರೆದೇ ಬಿಟ್ಟೆವು. ಮಕ್ಕಳಿಗೆ ಆ ಆರು ವಾರಗಳು ಆರು ವರ್ಷಗಳಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಉಳಿದ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುವೆವು. ನಮ್ಮ ನೆರೆಯ ಚಾಳಿನಲ್ಲಿರುವ, ಉಡುಪಿಯ ಕಡೆಯ ಹಿರಿಯ ಬಡಗಿಯೊಬ್ಬರು ಬಾಗಿಲುಗಳನ್ನು ಹೊಂದಿಸಿಕೊಟ್ಟರು. “ಮಳೆಗಾಲದಲ್ಲಿ ಮರ ಉಬ್ಬುತ್ತದೆ ಮಕ್ಕಳೇ, ಒಂದು ಎಳೆಯಷ್ಟು ಸಂದು ಬಿಡದಿದ್ದರೆ ಜುಲೈಯಲ್ಲಿ ಬಾಗಿಲು ಮುಚ್ಚುವುದಿಲ್ಲ” ಎಂದು ಅವರು ಹೇಳಿದ ಮಾತು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಎತ್ತರದ ಕಪಾಟು ಮಕ್ಕಳ ಮೇಲೆ ಮಗುಚದಂತೆ ಅದನ್ನು ಗೋಡೆಗೆ ಬಿಗಿಸಿದೆವು. ಬಿಸಿಲು ಚಿಪ್ಪಿನ ಬಣ್ಣವನ್ನು ಹೀರುವುದರಿಂದ ಕಿಟಕಿಯ ಎದುರಿನ ಜಾಗವನ್ನು ಬಿಟ್ಟು ಒಳಗೋಡೆಯ ಜಾಗವನ್ನು ಆರಿಸಿದೆವು. ತೇವವನ್ನು ಹೀರಲು ಸಿಲಿಕಾ ಜೆಲ್ಲಿನ ಚೀಲಗಳನ್ನು ಮೂಲೆಗಳಲ್ಲಿ ಇಟ್ಟೆವು.

ಕೊನೆಗೆ ಚೀಟಿಗಳು. ಈ ಸಲ ನೀರಿಗೆ ಕರಗದ ಮಸಿಯಿಂದ ಬರೆದು, ಅವೇ ವಿವರಗಳನ್ನು ಒಂದು ದೊಡ್ಡ ಪುಸ್ತಕದಲ್ಲಿಯೂ ಅನುಕ್ರಮ ಸಂಖ್ಯೆಯೊಡನೆ ದಾಖಲು ಮಾಡಿದೆವು. ಯಾವ ಹೆಸರನ್ನು ಬರೆಯಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ತುಳು ಮನೆಮಾತಿನವನು ‘ಮರುವಾಯಿ’ ಎಂದನು. ಕೊಂಕಣಿಯವಳು ‘ತಿಸರೆ’ ಎಂದಳು. ಧಾರವಾಡದ ಕಡೆಯವರು ಎಲ್ಲವನ್ನೂ ‘ಚಿಪ್ಪು’ ಎಂದು ಬಿಟ್ಟರು. ನಾವು ಯಾವುದನ್ನೂ ತಳ್ಳಿಹಾಕಲಿಲ್ಲ. ಶಾಸ್ತ್ರೀಯ ನಾಮವನ್ನು ಕನ್ನಡ ಲಿಪಿಯಲ್ಲಿ ಮೇಲೆ ಬರೆದು, ಅದರ ಕೆಳಗೆ ಮನೆಗಳಲ್ಲಿ ಆಡುವ ಹೆಸರುಗಳನ್ನೆಲ್ಲ ಬರೆದೆವು. ಈ ನಗರದಲ್ಲಿ ಹುಟ್ಟಿದ ಮಗುವಿಗೆ ತನ್ನ ಅಜ್ಜಿ ಆಡುತ್ತಿದ್ದ ಹೆಸರು ಗಾಜಿನೊಳಗೆ, ಶಾಸ್ತ್ರೀಯ ನಾಮದ ಜೊತೆಯಲ್ಲಿ, ಗೌರವದಿಂದ ಕುಳಿತಿರುವುದನ್ನು ಕಾಣುವ ಅವಕಾಶ ಬೇರೆಲ್ಲಿ ದೊರೆಯಬೇಕು?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಗ್ರಹದ ಉತ್ಸಾಹದಲ್ಲಿ ಜೀವವಿರುವ ಚಿಪ್ಪನ್ನು ಎತ್ತಕೂಡದು. ದಂಡೆಗೆ ಬಿದ್ದ ಬರಿಯ ಚಿಪ್ಪನ್ನು, ಅದನ್ನೂ ಮಿತವಾಗಿ ಮಾತ್ರವೇ ಆಯಬೇಕು. ಬರಿದಾದ ಶಂಖವೂ ಒಂದು ಸನ್ಯಾಸಿ ಏಡಿಗೆ ಮನೆಯಾಗುವುದುಂಟು. ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಹಲವು ಜಾತಿಯ ಶಂಖ, ಚಿಪ್ಪುಗಳೂ ಸೇರಿವೆ. ಅಂಥವುಗಳ ಚಿತ್ರವನ್ನು ಮಾತ್ರ ನಮ್ಮ ಕಪಾಟಿನಲ್ಲಿ ಅಂಟಿಸಿದ್ದೇವೆ.

ಕಪಾಟು ಸಿದ್ಧವಾದ ಮೇಲೆ ಬೀಗದ ಕೈ ಎಲ್ಲಿರಬೇಕೆಂಬ ಪ್ರಶ್ನೆ ಬಂದಿತು. ಕಚೇರಿಯಲ್ಲಿರಲಿ, ವಾರ್ಷಿಕೋತ್ಸವದ ದಿನ ತೆರೆಯೋಣ ಎಂಬ ಸಲಹೆಯೂ ಇತ್ತು. ಇದನ್ನು ನಾವು ಬಲವಾಗಿ ವಿರೋಧಿಸಿದೆವು. ಇದೇ ಮುಂಬಯಿಯಲ್ಲಿ ನಡೆದ ಒಂದು ಸಂಗತಿ ನಮಗೆ ಆಧಾರ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1883ರಲ್ಲಿ ಎಂಟು ಜನ ಆಸಕ್ತರು ಕೂಡಿ ಕಟ್ಟಿದ ಸಂಸ್ಥೆ. ತಾವು ಕಂಡುದನ್ನು, ತಂದುದನ್ನು ಒಬ್ಬರಿಗೊಬ್ಬರು ತೋರಿಸುವುದೇ ಅವರ ಮೊದಲ ಉದ್ದೇಶ. ಅವರ ಸಂಗ್ರಹಕ್ಕೆ ಮೊದಮೊದಲು ಆಶ್ರಯ ಕೊಟ್ಟುದು ಫಿಪ್ಸನ್ ಎಂಬ ಮದ್ಯವ್ಯಾಪಾರಿಯ ಅಂಗಡಿಯ ಕೋಣೆ. 1908ರ ಸುಮಾರಿಗೆ ಒಬ್ಬ ಬಾಲಕ ತಾನು ಹೊಡೆದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದನ್ನು ಹಿಡಿದುಕೊಂಡು, ಅದೇನೆಂದು ಕೇಳಲು ಅಂಜುತ್ತಂಜುತ್ತ ಆ ಸಂಸ್ಥೆಗೆ ಹೋದನು. ಕಾರ್ಯದರ್ಶಿಗಳಾದ ಮಿಲಾರ್ಡ್ ಅವರು ಹಕ್ಕಿಯನ್ನು ಗುರುತಿಸಿ ಹೇಳಿದುದಲ್ಲದೆ, ಸಂಸ್ಥೆಯ ಪಕ್ಷಿಸಂಗ್ರಹವನ್ನು ಆ ಬಾಲಕನಿಗೆ ತೆರೆದು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಆ ಬಾಲಕನೇ ಮುಂದೆ ಜಗತ್ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿ. ತಮ್ಮ ಜೀವನದ ದಿಕ್ಕು ಬದಲಾದುದು ಅಂದೇ ಎಂಬುದನ್ನು ಅವರು 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ದಿನ ಬೀಗದ ಕೈ ಬೇರೆಯವರ ಬಳಿ ಇದ್ದಿದ್ದರೆ? ಆದುದರಿಂದ ನಮ್ಮ ಕಪಾಟಿನ ಬೀಗದ ಕೈಯನ್ನು ತಿಂಗಳಿಗೊಬ್ಬ ವಿದ್ಯಾರ್ಥಿಯ ಕೈಯಲ್ಲಿ ಇರಿಸಿದ್ದೇವೆ. ಒಂದೆರಡು ಚಿಪ್ಪು ಒಡೆದರೆ ಒಡೆಯಲಿ. ತೋರಿಸದ ಸಂಗ್ರಹಕ್ಕಿಂತ ಒಂದೆರಡು ಕಡಮೆಯಾದ ಸಂಗ್ರಹ ಮೇಲು.

ಇನ್ನು ನಮ್ಮ ಹಿತೈಷಿಗಳ ಪ್ರಶ್ನೆ. ಯಾರಿಗಾಗಿ ಈ ಕಪಾಟು? ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ನಿಜ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಒಂದು ಕಪಾಟಿನಿಂದ ಆ ಸಂಖ್ಯೆ ಏರುವುದೆಂದೂ ನಾವು ಹೇಳುವುದಿಲ್ಲ. ಆದರೆ ಈ ಕಪಾಟು ನಮ್ಮಲ್ಲಿಗೆ ಬರುವ ಮೊದಲು ಎಷ್ಟು ಮನೆಗಳನ್ನು ಕಂಡಿದೆಯೋ ಬಲ್ಲವರಾರು? ಅದನ್ನು ಮಾಡಿದ ಬಡಗಿಯು ತನ್ನ ಮುಂದಿದ್ದ ಗಿರಾಕಿಗಾಗಿ ಚೆನ್ನಾಗಿ ಮಾಡಿದನು. ಅದರ ಫಲ ನಮ್ಮವರೆಗೂ ಬಂದಿದೆ. ನಮ್ಮ ಮುಂದೆ ಈಗ ಕುಳಿತಿರುವ ಮಕ್ಕಳಿಗಾಗಿ ನಾವೂ ಹಾಗೆಯೇ ಮಾಡತಕ್ಕದ್ದು. ಅವರು ನೂರಿರಲಿ, ಹತ್ತಿರಲಿ, ಅವರಿಗೆ ಸಲ್ಲಬೇಕಾದುದು ಪೂರ್ತಿಯಾಗಿ ಸಲ್ಲಲೇಬೇಕು.

ಪಾಲಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆ ಬದಲಾಯಿಸುವಾಗ ಹಳೆಯ ಕಪಾಟನ್ನೋ ಮೇಜನ್ನೋ ಭಂಗಾರದವನಿಗೆ ತೂಗಿ ಕೊಡುವ ಮೊದಲು ಶಾಲೆಗೆ ಒಂದು ಮಾತು ತಿಳಿಸಿರಿ. ಅಂಚೆಚೀಟಿ, ನಾಣ್ಯಗಳ ಸಂಗ್ರಹಗಳು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲಿಯೇ ಇವೆ, ಮಳೆಗಾಲವೂ ಮತ್ತೆ ಬರುವುದು.

ಅಜ್ಜಿಯೊಡನೆ ತಂದ ಶಂಖ ಯಾವುದೆಂಬುದು ಕೊನೆಗೂ ತಿಳಿಯಲಿಲ್ಲ. ಆ ಬಾಲಕಿ ನಾಲ್ಕು ಶಂಖಗಳನ್ನೂ ಒಂದೇ ಸಾಲಿನಲ್ಲಿಟ್ಟು, ಒಂದೇ ಚೀಟಿಯನ್ನು ಬರೆದಳು: “ಇವುಗಳಲ್ಲಿ ಒಂದು ಮಲ್ಪೆಯದು.” ಶಾಸ್ತ್ರದೃಷ್ಟಿಯಿಂದಲೂ ಆ ಚೀಟಿ ಸರಿಯಾದುದೇ. ನಾವು ಅದನ್ನು ಬದಲಾಯಿಸಲಿಲ್ಲ.