ಹತ್ತು ವರ್ಷದ ಬ್ಯಾಟರಿ, ಹದಿನೆಂಟು ತಿಂಗಳ ದುಡ್ಡು

ವೈರ್‌ಲೆಸ್ ಸೆನ್ಸರ್ ಮಾಡುವ ಸ್ಟಾರ್ಟ್‌ಅಪ್‌ಗಳು ತಂತ್ರಜ್ಞಾನ ಕೈಕೊಟ್ಟು ಮುಚ್ಚುವುದು ಅಪರೂಪ. ರೇಡಿಯೋ ಮಾತಾಡುತ್ತದೆ, ಚಿಪ್ಪು ಲೆಕ್ಕ ಮಾಡುತ್ತದೆ, ಫೋನಿನ ಪರದೆಯ ಮೇಲೆ ಗ್ರಾಫು ಚೆಂದವಾಗಿ ಏರಿಳಿಯುತ್ತದೆ. ಸೋಲುವುದು ಖಾತೆಪುಸ್ತಕ. ಹೂಡಿಕೆದಾರರ ಕಿವಿಗೆ ಇಂಪಾಗಲೆಂದೇ ಬರೆದ ಲೆಕ್ಕ ಅದು. ಬೆಂಗಳೂರಿನ ಹುಡುಗ ಹುಡುಗಿಯರು ಇಂಥ ಲೆಕ್ಕ ಹಿಡಿದು ಬರುವುದು ಬೇ ಏರಿಯಾದಲ್ಲೋ ಸಿಂಗಪುರದಲ್ಲೋ ಕೂತ ನಮ್ಮಂಥವರ ಬಳಿಗೆ. ಆದ್ದರಿಂದ ಈ ತಕರಾರು ಅವರಿಗಿಂತ ಹೆಚ್ಚಾಗಿ ನಮ್ಮ ಮೇಲೆಯೇ.

ಇವರ ಯೋಜನಾಪತ್ರಗಳನ್ನು ನೋಡಿದವರಿಗೆ ಗೊತ್ತು. ಎರಡನೆಯ ಪುಟದಲ್ಲಿ ‘ಹತ್ತು ವರ್ಷ ಬಾಳುವ ಬ್ಯಾಟರಿ’ ಎಂದಿರುತ್ತದೆ. ಹದಿನಾಲ್ಕನೆಯ ಪುಟದಲ್ಲಿ, ಕೈಯಲ್ಲಿರುವ ದುಡ್ಡು ಹದಿನೆಂಟು ತಿಂಗಳಿಗೆ ಸಾಕು ಎಂದಿರುತ್ತದೆ. ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಯಾರೂ ಓದುವುದಿಲ್ಲ. ಓದಿದ್ದರೆ ಮೊದಲ ಪ್ರಶ್ನೆ ಇದೇ ಆಗಬೇಕಿತ್ತು: ಉಳಿದ ಎಂಟೂವರೆ ವರ್ಷ ಆ ಸೆನ್ಸರಿನ ಯೋಗಕ್ಷೇಮ ಯಾರದ್ದು?

ಒಂದು ಸರಳ ಲೆಕ್ಕ ಹಾಕೋಣ. ಸೆನ್ಸರಿನ ಬೆಲೆ 60 ಡಾಲರ್ ಎಂದಿಟ್ಟುಕೊಳ್ಳಿ. ಬಿಡಿಭಾಗ, ಜೋಡಣೆ, ಪರೀಕ್ಷೆ, ಪೆಟ್ಟಿಗೆ ಸೇರಿ 30. ವಿತರಕನಿಗೆ 12. ಉಳಿಯಿತು 18. ಸರ್ವರ್ ಬಾಡಿಗೆ, ಡೇಟಾ ಖರ್ಚು, ಭದ್ರತೆಯ ತೇಪೆ, ಫೋನೆತ್ತಿ ಮಾತಾಡುವ ಒಬ್ಬ ಮನುಷ್ಯ, ಎಲ್ಲ ಹಂಚಿ ವರ್ಷಕ್ಕೆ ಒಂದೊಂದು ಸೆನ್ಸರಿಗೆ ಎರಡೇ ಡಾಲರ್ ಎನ್ನಿ. ಹತ್ತು ವರ್ಷಕ್ಕೆ 20 ಆಯಿತು. ಮಾರಿದ ದಿನವೇ ಎರಡು ಡಾಲರ್ ನಷ್ಟ. ಇನ್ನು ಅಮೆರಿಕದಲ್ಲಿ ಒಬ್ಬ ತಂತ್ರಜ್ಞ ವ್ಯಾನು ಹತ್ತಿ ಬಂದನೆಂದರೆ ನೂರು ಡಾಲರಿಗೆ ಕಡಿಮೆಯಿಲ್ಲ. ನೂರು ಸೆನ್ಸರ್ ಮಾರಿ ಗಳಿಸಿದ 1800 ಡಾಲರನ್ನು ಅಂಥ ಹದಿನೆಂಟು ಭೇಟಿಗಳು ನುಂಗಿಬಿಡುತ್ತವೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಸೆನ್ಸರ್ ನೆಟ್ಟು ನೋಡಿರಲಿಲ್ಲ.

ಬ್ಯಾಟರಿಯ ಮಾತೂ ಅಷ್ಟೇ. ಎಎ ಗಾತ್ರದ ಒಂದು ಲಿಥಿಯಂ ಥಯೋನಿಲ್ ಕ್ಲೋರೈಡ್ ಬ್ಯಾಟರಿಯಲ್ಲಿ ಸುಮಾರು 2400 ಮಿಲಿಆಂಪ್-ಗಂಟೆಯಷ್ಟು ಶಕ್ತಿ ಇರುತ್ತದೆ. ಹತ್ತು ವರ್ಷವೆಂದರೆ 87,600 ಗಂಟೆ. ಭಾಗಿಸಿದರೆ ಸರಾಸರಿ 27 ಮೈಕ್ರೋಆಂಪ್ ಮಾತ್ರ ಬಳಸಬಹುದು, ಅದೂ ಬ್ಯಾಟರಿ ತಾನಾಗಿ ಸೋರುವುದನ್ನು ಲೆಕ್ಕಿಸದೆ. ಪ್ರಯೋಗಶಾಲೆಯಲ್ಲಿ ಇದು ಸಾಧ್ಯ. ಹೊಲದಲ್ಲಿ ಕರೆಂಟು ಹೋಗಿ ಗೇಟ್‌ವೇ ಸತ್ತರೆ, ಸುತ್ತಲಿನ ಸೆನ್ಸರುಗಳೆಲ್ಲ ತಾಯಿ ಕಾಣದ ಮಕ್ಕಳ ಹಾಗೆ ಅದನ್ನು ಹುಡುಕುತ್ತ ಕೂಗಿ ಕೂಗಿ ತಮ್ಮ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತವೆ. ಒಂದೇ ತಿಂಗಳಲ್ಲಿ ನೆಟ್ಟ ಐದು ಸಾವಿರ ಸೆನ್ಸರುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಣ್ಣು ಮುಚ್ಚುತ್ತವೆ ಎಂಬುದು ಅದಕ್ಕಿಂತ ದೊಡ್ಡ ಆಪತ್ತು. ಐದನೆಯ ವರ್ಷದಲ್ಲಿ ಎದುರಾಗುವ ಆ ದಿಬ್ಬಕ್ಕೆ ಯಾವ ಯೋಜನಾಪತ್ರದಲ್ಲೂ ಒಂದು ಸಾಲು ನಾನು ಕಂಡಿಲ್ಲ. ಬ್ಯಾಟರಿ ಬದುಕಿದ್ದರೂ ಜಾಲ ಸಾಯಬಹುದು. 2022ರ ಫೆಬ್ರವರಿಯಲ್ಲಿ ಎಟಿ ಅಂಡ್ ಟಿ ತನ್ನ ತ್ರೀಜಿ ಜಾಲವನ್ನು ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಅಲಾರಂ ಪೆಟ್ಟಿಗೆಗಳನ್ನು ಮನೆಮನೆಗೆ ಹೋಗಿ ಬದಲಾಯಿಸಬೇಕಾಯಿತು. ಆ ಖರ್ಚು ಬಿದ್ದದ್ದು ಪೆಟ್ಟಿಗೆ ಮಾರಿದವರ ತಲೆಗೆ.

ಇನ್ನು ನಗದಿನ ಮಾತು. ಸಾಫ್ಟ್‌ವೇರಿನಲ್ಲಿ ಬೆಳೆದವರಿಗೆ ಇದು ಕೊನೆಯವರೆಗೂ ಮೈಗೆ ಹತ್ತುವುದಿಲ್ಲ. ಹತ್ತು ಸಾವಿರ ಸೆನ್ಸರಿಗೆ ಆರ್ಡರ್ ಬಂತೆಂದು ಸಿಹಿ ಹಂಚುತ್ತಾರೆ. ಬಿಡಿಭಾಗಕ್ಕೆ ಹದಿನಾರು ವಾರ, ಜೋಡಣೆಗೆ ನಾಲ್ಕು, ಸಾಗಣೆಗೆ ನಾಲ್ಕು, ಆಮೇಲೆ ಗಿರಾಕಿ ದುಡ್ಡು ಕೊಡುವುದು ತೊಂಬತ್ತು ದಿನಕ್ಕೆ. ಒಂದೊಂದಕ್ಕೆ 30 ಡಾಲರಿನಂತೆ ಮೂರು ಲಕ್ಷ ಡಾಲರ್ ಎಂಟೂವರೆ ತಿಂಗಳು ಕಣ್ಣಿಗೆ ಕಾಣದೆ ಕೂತಿರುತ್ತದೆ. 2021ರ ಚಿಪ್ ಬರಗಾಲದಲ್ಲಿ ಹದಿನಾರು ವಾರ ಐವತ್ತಾದದ್ದೂ ಉಂಟು. ಆರ್ಡರ್ ದುಪ್ಪಟ್ಟಾದರೆ ಸಿಕ್ಕಿಕೊಳ್ಳುವ ದುಡ್ಡೂ ದುಪ್ಪಟ್ಟು. ಲಾಭದಲ್ಲಿರುವ ಕಂಪನಿ ಬೆಳೆಯುತ್ತಲೇ ದಿವಾಳಿಯಾಗುವುದು ಹೀಗೆ. ಇದರ ಮೇಲೆ ದೇಶಕ್ಕೊಂದು ರೇಡಿಯೋ ಪಟ್ಟಿ: ಭಾರತದಲ್ಲಿ 865 ಮೆಗಾಹರ್ಟ್ಸ್ ಸುತ್ತ, ಅಮೆರಿಕದಲ್ಲಿ 902ರಿಂದ 928. ಆಂಟೆನಾ ಬೇರೆ, ಪರವಾನಗಿ ಬೇರೆ, ಗೋದಾಮಿನ ದಾಸ್ತಾನೂ ಬೇರೆ. ‘ಮೊದಲ ವರ್ಷವೇ ನಾಲ್ಕು ದೇಶ’ ಎಂದು ಬರೆದವರನ್ನು ನಾವು ಮಹತ್ವಾಕಾಂಕ್ಷಿಗಳೆಂದು ಬೆನ್ನು ತಟ್ಟುತ್ತೇವೆ!

ಈ ಸುಳ್ಳಿನ ಬೇರು ದೊಡ್ಡವರ ಭವಿಷ್ಯವಾಣಿಯಲ್ಲಿದೆ. 2020ರ ಹೊತ್ತಿಗೆ 5000 ಕೋಟಿ ಸಾಧನಗಳು ಜಾಲಕ್ಕೆ ಸೇರುತ್ತವೆ ಎಂದು ಎರಿಕ್ಸನ್ 2010ರಲ್ಲಿ ಸಾರಿತು. 2015ರಲ್ಲಿ ಅದೇ ಎರಿಕ್ಸನ್, 2021ಕ್ಕೆ 2800 ಕೋಟಿ ಎಂದು ದನಿ ತಗ್ಗಿಸಿತು. ಅಷ್ಟರಲ್ಲಿ ಮೊದಲ ಅಂಕಿ ಸಾವಿರಾರು ಯೋಜನಾಪತ್ರಗಳ ಮೊದಲ ಪುಟ ಸೇರಿಯಾಗಿತ್ತು. ‘ಅದರಲ್ಲಿ ಶೇಕಡಾ ಒಂದು ನಮಗೆ ಸಿಕ್ಕರೂ ಸಾಕು’ ಎಂಬ ವಾಕ್ಯ ಯಾರಿಗೆ ತಾನೇ ಗೊತ್ತಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದಷ್ಟೇ ಆಗಿದ್ದರೆ ನಗಬಹುದಿತ್ತು. ಇಲ್ಲಿ ಸಾಲ ಮಾಡಿ ಕುಲಾವಿ ಕಾರ್ಖಾನೆಯನ್ನೇ ಕಟ್ಟುತ್ತಾರೆ.

ಹಾಗೆ ಕಟ್ಟಿದವರಲ್ಲಿ ಫ್ರಾನ್ಸಿನ ತುಲೂಸ್ ಬಳಿಯ ಸಿಗ್‌ಫಾಕ್ಸ್ ಪ್ರಸಿದ್ಧ. ತಂತ್ರಜ್ಞಾನ ಅಪ್ಪಟ: ಒಂದು ಸಂದೇಶದಲ್ಲಿ ಹನ್ನೆರಡು ಬೈಟ್, ದಿನಕ್ಕೆ ನೂರನಲವತ್ತು ಸಂದೇಶ, ಅತಿ ಕಡಿಮೆ ವಿದ್ಯುತ್ತು. 2015ರಲ್ಲಿ 10 ಕೋಟಿ ಯೂರೋ, 2016ರಲ್ಲಿ 15 ಕೋಟಿ ಯೂರೋ ಬಂಡವಾಳ ಬಂತು. ದೇಶದೇಶಗಳಲ್ಲಿ ಜಾಲ ಹರಡಿತು. 2022ರ ಜನವರಿಯಲ್ಲಿ ಕಂಪನಿ ನ್ಯಾಯಾಲಯದ ರಕ್ಷಣೆಗೆ ಹೋಯಿತು; ಆಗ ಜಾಲದಲ್ಲಿದ್ದ ಸಾಧನಗಳು ಸುಮಾರು ಎರಡು ಕೋಟಿ. ಒಂದೊಂದರಿಂದ ವರ್ಷಕ್ಕೆ ಎರಡು ಯೂರೋ ಬಂತೆಂದೇ ಊಹಿಸಿದರೂ ನಾಲ್ಕು ಕೋಟಿ ಯೂರೋ, ಅದನ್ನೂ ಆಯಾ ದೇಶದ ಜಾಲದವರೊಂದಿಗೆ ಹಂಚಿಕೊಳ್ಳಬೇಕು. ನೂರು ಕೋಟಿ ಸಾಧನಗಳ ಕನಸಿಗೆ ಕಟ್ಟಿದ ಮನೆಯನ್ನು ಎರಡು ಕೋಟಿ ಹೊರಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಸಿಂಗಪುರದ ಯೂನಾಬಿಜ್ ಅದನ್ನು ಕೊಂಡಿತು.

ನಿಧಾನಿಸಿದರೆ ಇನ್ನೊಬ್ಬ ಮಾರುಕಟ್ಟೆ ಕಬಳಿಸುತ್ತಾನೆ ಎನ್ನುತ್ತಾರೆ. ದೇಶವ್ಯಾಪಿ ಜಾಲ ಕಟ್ಟುವವರಿಗೆ ಈ ಮಾತು ಸ್ವಲ್ಪ ಮಟ್ಟಿಗೆ ನಿಜ. ಅರ್ಧ ಜಾಲಕ್ಕೆ ಗಿರಾಕಿ ಇಲ್ಲ. ಆದರೆ ನಮ್ಮ ಬಳಿ ಬರುವ ಹುಡುಗರಲ್ಲಿ ಜಾಲ ಕಟ್ಟುವವರು ಎಷ್ಟು ಮಂದಿ? ಮಿಕ್ಕವರಿಗೆ ಬರ್ಕ್ಲಿಯ ಕ್ರಿಸ್ ಪಿಸ್ಟರ್ 2002ರಲ್ಲಿ ಸ್ಥಾಪಿಸಿದ ಡಸ್ಟ್ ನೆಟ್‌ವರ್ಕ್ಸ್ ಒಳ್ಳೆಯ ಪಾಠ. ಗಾಳಿಯಲ್ಲಿ ತೂರಬಲ್ಲ ಧೂಳಿನ ಕಣದಷ್ಟು ಸೆನ್ಸರು ಎಂಬ ಕನಸಿನಿಂದ ಹೊರಟವರು ಕೊನೆಗೆ ನೆಲೆ ಕಂಡದ್ದು ತೈಲ ಶುದ್ಧೀಕರಣದಂಥ ಕಾರ್ಖಾನೆಗಳಲ್ಲಿ. ಅಲ್ಲಿ ಸೆನ್ಸರಿಗಿಂತ ತಂತಿ ಎಳೆಯುವ ಕೂಲಿಯೇ ದುಬಾರಿ, ಆದ್ದರಿಂದ ಗಿರಾಕಿ ಚೌಕಾಸಿ ಮಾಡದೆ ಕೊಡುತ್ತಾನೆ. 2011ರಲ್ಲಿ ಲೀನಿಯರ್ ಟೆಕ್ನಾಲಜಿ ಅವರನ್ನು ಕೊಂಡಿತು. ಜಗತ್ತು ಬದಲಾಯಿಸಿದ ಕತೆಯಲ್ಲ. ಆದರೆ ನೆಟ್ಟ ಸೆನ್ಸರು ಅನಾಥವಾಗಲಿಲ್ಲ.

ಊರಿಗೆ ಬರೋಣ. ಕೊಡಗಿನ ಕಾಫಿ ಬೆಳೆಗಾರನಿಗೆ ಮಣ್ಣಿನ ತೇವಾಂಶದ ಅಂಕಿ ನಿಜವಾಗಿ ಬೇಕಾಗುವುದು ಫೆಬ್ರವರಿ-ಮಾರ್ಚಿನಲ್ಲಿ, ಹೂಮಳೆಗೆ ಕಾಯುವುದೋ ಸ್ಪ್ರಿಂಕ್ಲರ್ ಹಾಕುವುದೋ ಎಂಬ ತೂಗಾಟದ ದಿನಗಳಲ್ಲಿ. ಅವನ ಕೈಯಲ್ಲಿ ದುಡ್ಡಾಡುವುದು ಕೊಯ್ಲಿನ ನಂತರ. ಸೆನ್ಸರುಗಳು ಕೆಡುವುದು ಜೂನಿನಿಂದಾಚೆ, ಜಡಿಮಳೆಯಲ್ಲಿ, ಕಂಪನಿಗೆ ಒಂದು ಕಾಸೂ ಬರದ ತಿಂಗಳುಗಳಲ್ಲಿ. ಇಂಥ ಗಿರಾಕಿಗೆ ‘ತಿಂಗಳಿಗೆ ಇಷ್ಟು ಚಂದಾ’ ಎಂದು ಹನ್ನೆರಡು ಸಮಾನ ಕಂಬ ನೆಟ್ಟ ಆದಾಯದ ಚಿತ್ರ ತೋರಿಸುವವರು ತೋಟಕ್ಕೆ ಕಾಲಿಟ್ಟಿಲ್ಲ. ಮಾರಾಟಕ್ಕೆ ಎರಡನೆಯ ಎಂಬಿಎ ಪದವೀಧರನನ್ನು ಸೇರಿಸಿಕೊಳ್ಳುವ ಬದಲು, ಮಡಿಕೇರಿಯಲ್ಲೇ ಇದ್ದು ಬೈಕಿನಲ್ಲಿ ತಿರುಗುವ ಇಬ್ಬರು ಐಟಿಐ ಹುಡುಗರಿಗೆ ಸಂಬಳ ಕೊಡಿ ಎಂದರೆ, ಅದು ಸ್ಕೇಲ್ ಆಗುವುದಿಲ್ಲ ಎನ್ನುತ್ತಾರೆ. ಈ ಶಬ್ದವನ್ನು ಅವರಿಗೆ ಕಲಿಸಿದವರು ನಾವೇ. ಕಂಪನಿ ಮುಚ್ಚಿದರೆ ನಮಗೆ ತೆರಿಗೆಯಲ್ಲಿ ಒಂದಿಷ್ಟು ವಜಾ ಸಿಗುತ್ತದೆ. ಬೆಳೆಗಾರನಿಗೆ ಕಾಫಿ ಗಿಡಗಳ ನಡುವೆ ಉತ್ತರ ಕೊಡದ ಪ್ಲಾಸ್ಟಿಕ್ ಗೂಟ ಉಳಿಯುತ್ತದೆ, ಮುಂದೆ ಯಾವ ಸೆನ್ಸರಿನವನನ್ನೂ ಅವನು ಗೇಟಿನೊಳಗೆ ಬಿಡುವುದಿಲ್ಲ.

ಹಾಗಾಗಿ ಮುಂದಿನ ಬಾರಿ ಯಾರಾದರೂ ಬಂದಾಗ, ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳಬೇಡಿ. ಮಾರಿದ ಪ್ರತಿ ಸೆನ್ಸರಿನ ದುಡ್ಡಿನಲ್ಲಿ ಎಷ್ಟನ್ನು ಮುಟ್ಟದೆ ಬೇರೆ ಖಾತೆಯಲ್ಲಿ ಇಡುತ್ತೀರಿ, ಐದನೆಯ ವರ್ಷದ ಬ್ಯಾಟರಿ ಬದಲಾವಣೆಗೆ ಎಷ್ಟು ಜನ ಬೇಕು, ಕಂಪನಿ ಮುಚ್ಚಿದರೆ ಸರ್ವರಿನ ಕೀಲಿಕೈ ಯಾರಿಗೆ ಕೊಡುತ್ತೀರಿ, ಇವಿಷ್ಟನ್ನು ಕೇಳಿ. ಉತ್ತರ ಬರೆದುಕೊಂಡು ಬಂದವರಿಗೆ ಹದಿನೆಂಟು ತಿಂಗಳಿನದಲ್ಲ, ಮೂರು ವರ್ಷದ ದುಡ್ಡು ಕೊಡಿ.