ಪದ ವಿಚಾರ: ಕೂಡಿ ಮಾತಾಡಬಲ್ಲವರು



ಕಾಳಗಿಯ ಸದ್ಭಕ್ತರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳಿಗೆ ಬಂದಿರುವ ಸಂಬಂಧವೊಂದರಲ್ಲಿ ವರನು, ವಧುವು ‘ಕನ್ವರ್ಸಬಲ್’ ಆಗಿರಬೇಕೆಂದು ತನ್ನ ಪರಿಚಯ ಪತ್ರದಲ್ಲಿ ಬರೆದಿರುವನಂತೆ. ವಾಚಾಳಿ ಹೆಣ್ಣನ್ನು ಬಯಸುವ ಮನೆ ನಮಗೆ ಬೇಡವೆಂದು ಹಿರಿಯರ ಮತ. ಇಂಗ್ಲಿಷ್ ಮಾತಾಡಬೇಕೆಂಬುದೇ ಅದರ ಅರ್ಥ, ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗಿಗೆ ಅದು ಒಗ್ಗದೆಂದು ನೆಂಟರ ಅಳುಕು. ಒಂದು ಪದದ ಅರ್ಥವನ್ನು ನಂಬಿ ಒಂದು ಸಂಬಂಧವನ್ನೇ ಬಿಟ್ಟುಬಿಡುವ ಮೊದಲು ಆ ಪದವನ್ನು ವಿಚಾರಿಸಿ ನೋಡುವುದು ಲೇಸು.

‘ಕನ್ವರ್ಸಬಲ್’ ಎಂಬುದು ಹಳೆಯ ಇಂಗ್ಲಿಷ್ ಗುಣವಾಚಕ. ಇಂದು ಇಂಗ್ಲಿಷರೂ ಅದನ್ನು ಬಳಸುವುದು ವಿರಳ. ಅತಿಯಾಗಿ ಮಾತಾಡುವವರಿಗೆ ಆ ಭಾಷೆಯಲ್ಲಿ ‘ಟಾಕಟಿವ್’ ಎಂಬ ಪದವಿದೆ. ಸಭೆಯನ್ನು ಮಾತಿನಿಂದ ಗೆಲ್ಲುವ ವಾಗ್ಮಿಗೆ ‘ಎಲೊಕ್ವೆಂಟ್’ ಎನ್ನುತ್ತಾರೆ. ‘ಕನ್ವರ್ಸಬಲ್’ ಇವೆರಡೂ ಅಲ್ಲ. ಯಾರೊಡನೆ ಕುಳಿತು ಹಿತವಾಗಿ ಮಾತಾಡಬಹುದೋ, ಯಾರು ತಾವೂ ನುಡಿದು ಇತರರ ನುಡಿಗೂ ಎಡೆಗೊಡುವರೋ ಅಂಥವರಿಗೆ ಸಲ್ಲುವ ಮಾತದು. ಇಂತಹದೇ ಭಾಷೆಯಲ್ಲಿ ಮಾತಾಡಬೇಕೆಂಬ ನಿಬಂಧನೆ ಅದರಲ್ಲಿಲ್ಲ.

ಈ ಪದದ ಮೂಲ ಇನ್ನೂ ಸ್ವಾರಸ್ಯಕರ. ಲ್ಯಾಟಿನ್ ಭಾಷೆಯಲ್ಲಿ ಇದರ ಧಾತುವಿಗೆ ಮಾತಾಡುವುದೆಂಬ ಅರ್ಥವಿಲ್ಲ. ಒಡನಿರುವುದು, ಕೂಡಿ ಬಾಳುವುದು ಎಂಬ ಅರ್ಥವಿದೆ. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿಯೂ ‘ಕನ್ವರ್ಸೇಷನ್’ ಎಂದರೆ ನಡತೆ, ಬಾಳುವ ರೀತಿ. ಮಾತುಕತೆಯೆಂಬ ಅರ್ಥವೇ ಮುಂದೆ ಪ್ರಧಾನವಾಯಿತು. ನಡೆ ನುಡಿಗಳು ಬೇರೆಯಲ್ಲವೆಂದು ಸಾರಿದ ಶರಣರ ಮಕ್ಕಳಿಗೆ ಇದು ಅಪರಿಚಿತ ವಿಚಾರವೇನಲ್ಲ.

ಸ್ಕಾಟ್‌ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1742ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬಲ್ಲವರನ್ನು ಎರಡು ಬಗೆಯಾಗಿ ವಿಂಗಡಿಸಿದನು: ಏಕಾಂತದಲ್ಲಿ ಓದುವ ಪಂಡಿತರು ಒಂದು ಕಡೆ, ಜನರೊಡನೆ ಬೆರೆತು ಸಂಭಾಷಿಸುವವರು ಇನ್ನೊಂದು ಕಡೆ. ಎರಡನೆಯವರಿಗೆ ಅವನಿತ್ತ ಹೆಸರು ಇದೇ ಪದ. ಇವರಿಬ್ಬರೂ ಬೇರ್ಪಟ್ಟರೆ ವಿದ್ಯೆಗೂ ನಷ್ಟ, ಸಮಾಜಕ್ಕೂ ನಷ್ಟವೆಂಬುದು ಅವನ ಅಭಿಪ್ರಾಯ. ಸಂಭಾಷಣೆಯ ಲೋಕಕ್ಕೆ ಸ್ತ್ರೀಯರೇ ಒಡೆಯರೆಂದು ಅವನು ಒಪ್ಪಿಕೊಂಡದ್ದೂ ಗಮನಾರ್ಹ.

ಈ ಗುಣವನ್ನು ಅರಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕಾಳಗಿಯವರಿಗೆ ನೆರೆಯದಾದ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ರಚಿತವಾದ ‘ಕವಿರಾಜಮಾರ್ಗ’ವು ಈ ನಾಡಿನ ಜನರಲ್ಲಿ ಎರಡು ಗುಣಗಳನ್ನು ಕಂಡಿತು: ಹದವರಿತು ಮಾತಾಡುವುದು ಒಂದು, ಆಡಿದ ಮಾತನ್ನು ತಿಳಿದು ವಿಚಾರಿಸುವುದು ಇನ್ನೊಂದು. ಬಾಯಿಯ ಜಾಣತನದೊಡನೆ ಕಿವಿಯ ಜಾಣತನವನ್ನೂ ಸೇರಿಸಿದ ಆ ಹೊಗಳಿಕೆಗಿಂತ ಉತ್ತಮವಾದ ವಿವರಣೆಯನ್ನು ಈ ಇಂಗ್ಲಿಷ್ ಪದಕ್ಕೆ ಯಾವ ನಿಘಂಟೂ ಕೊಡಲಾರದು.

ನಮ್ಮ ಧರ್ಮವಂತೂ ಸಂವಾದದ ನೆಲೆಯಲ್ಲಿಯೇ ಬೆಳೆದುದು. ‘ಶೂನ್ಯಸಂಪಾದನೆ’ಯು ಶರಣರ ವಚನಗಳನ್ನು ಸಂವಾದ ರೂಪದಲ್ಲಿ ಜೋಡಿಸಿದ ಗ್ರಂಥ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸುತ್ತಾರೆ; ಅಕ್ಕನು ಅಳುಕದೆ ಉತ್ತರಿಸುತ್ತಾಳೆ; ಕೊನೆಗೆ ಪ್ರಶ್ನಿಸಿದವರೇ ಆಕೆಯ ಹಿರಿಮೆಯನ್ನು ಒಪ್ಪಿಕೊಳ್ಳುತ್ತಾರೆ. ಸಂಸಾರಸ್ಥರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ಆಸೆಯಲ್ಲವೇ ಎಂದು ಆಕೆ ಕೇಳಿದಳು. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಮಾರಯ್ಯನು ಸಿಟ್ಟಾಗಲಿಲ್ಲ, ಕೇಳಿದನು. ಹೇಳಬಲ್ಲ ಸತಿ, ಕೇಳಬಲ್ಲ ಪತಿ: ಇಬ್ಬರಿಗೂ ಆ ಗುಣವಾಚಕ ಸಲ್ಲುತ್ತದೆ.

ಇಂದು ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಹೇಗಿದೆ? ಬಂದವರೆಲ್ಲ ಪ್ರಶ್ನಿಸುತ್ತಾರೆ, ಹುಡುಗಿ ತಲೆ ತಗ್ಗಿಸಿ ಉತ್ತರಿಸುತ್ತಾಳೆ. ಅವಳಿಗೆ ಕೇಳಬೇಕಾದುದೇನಾದರೂ ಇದೆಯೇ ಎಂದು ವಿಚಾರಿಸುವವರು ಕಡಿಮೆ. ಅದು ಸಂವಾದವಲ್ಲ, ಪರೀಕ್ಷೆ.

ಆದುದರಿಂದ ಪತ್ರ ಬರೆದ ಸದ್ಭಕ್ತರಿಗೆ ನಮ್ಮ ಸೂಚನೆ ಇಷ್ಟೇ. ಆ ಪದಕ್ಕಾಗಿ ಸಂಬಂಧವನ್ನು ನಿರಾಕರಿಸಬೇಡಿರಿ. ಆ ಪದವೊಂದನ್ನೇ ನಂಬಿ ಒಪ್ಪಲೂಬೇಡಿರಿ. ಹಿರಿಯರ ಸಮ್ಮುಖದಲ್ಲಿ ವಧೂವರರಿಬ್ಬರೂ ಒಂದು ಗಳಿಗೆ ಕನ್ನಡದಲ್ಲಿಯೇ ಮಾತಾಡಲಿ. ಮೊದಲ ಪ್ರಶ್ನೆಯನ್ನು ನಿಮ್ಮ ಮಗಳು ಕೇಳಲಿ. ಅವಳ ಮಾತು ಮುಗಿಯುವವರೆಗೆ ಆ ವರನು ತಾಳ್ಮೆಯಿಂದ ಕೇಳುವನೋ, ನಡುವೆಯೇ ತಡೆಯುವನೋ ನೋಡಿರಿ. ತಾನು ಬರೆದ ಪದದ ಅರ್ಥ ಅವನಿಗೆ ಗೊತ್ತಿದೆಯೋ ಇಲ್ಲವೋ ಅಷ್ಟರಲ್ಲಿಯೇ ತಿಳಿಯುತ್ತದೆ.