ಕಡೆಗೀಲಿನಿಂದ ಲಿಂಕ್ ರಾಡಿನವರೆಗೆ

ಎತ್ತಿನ ಬಂಡಿಯನ್ನು ಹೂಡುವ ಮುನ್ನ ಅಚ್ಚಿನ ತುದಿಯ ಕಡೆಗೀಲನ್ನು ಒಮ್ಮೆ ಮುಟ್ಟಿ ನೋಡುವುದು ರೈತನ ವಾಡಿಕೆ. ಬೆರಳುದ್ದದ ಆ ಕಬ್ಬಿಣದ ತುಂಡು ಜಾರಿತೆಂದರೆ ಗಾಲಿಗೊಂದು ದಾರಿ, ಬಂಡಿಗೊಂದು ದಾರಿ. ಕಾರನ್ನು ಸಾಕುವ ಪಟ್ಟಣದ ಗೃಹಸ್ಥನಿಗೆ ಈ ವಾಡಿಕೆ ಬಂದಿಲ್ಲ. ಆತ ವಾರಕ್ಕೊಮ್ಮೆ ಕಾರಿನ ಮೈ ತೊಳೆಸುತ್ತಾನೆ, ಗಾಜು ಒರೆಸುತ್ತಾನೆ, ಆಯುಧಪೂಜೆಯ ದಿನ ಚಕ್ರದಡಿಯಲ್ಲಿ ನಿಂಬೆಹಣ್ಣನ್ನೂ ಇಡುತ್ತಾನೆ. ಆ ಚಕ್ರವನ್ನು ಒಡಲಿಗೆ ಕೂಡಿಸುವ ಕೀಲುಗಳು ಎಲ್ಲಿವೆಯೆಂಬುದನ್ನು ಮಾತ್ರ ಅರಿಯ. ಅವು ತಮ್ಮ ಇರವನ್ನು ತಾವೇ ಸಾರಿ ಹೇಳುವವರೆಗೆ ಅವನಿಗೆ ಅವುಗಳ ಗೊಡವೆಯಿಲ್ಲ.

ಅವು ಸಾರುವುದು ಬಹುಮಟ್ಟಿಗೆ ಕಿವಿಗೆ. ಬಡಾವಣೆಯ ಕಿರುದಾರಿಯಲ್ಲಿ, ಜಲ್ಲಿ ಕಿತ್ತ ತಿರುವಿನಲ್ಲಿ, ಕಾರು ಗಂಟೆಗೆ 15–20 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಮುಂಭಾಗದ ಒಂದು ಮಗ್ಗುಲಿನಿಂದ ‘ಟಕ್ ಟಕ್’ ಎಂಬ ಒಣ ಸದ್ದು ಹೊರಡುತ್ತದೆ. “ಏನೂಂದ್ರೆ, ಕಾಲ ಕೆಳಗೆ ಯಾರೋ ಬಡಿದ ಹಾಗಿದೆಯಲ್ಲ” ಎಂದು ಮಡದಿ ಹೇಳಿದರೆ, “ಡಿಕ್ಕಿಯಲ್ಲಿ ಜಾಕು ಅಲ್ಲಾಡುತ್ತಿರಬೇಕು, ಬಿಡು” ಎಂಬುದು ಯಜಮಾನರ ಸಿದ್ಧ ಉತ್ತರ. ಜಾಕಿಗೆ ಹಳೆಯ ಪಂಚೆ ಸುತ್ತಿದ್ದಾಯಿತು, ಸದ್ದು ನಿಲ್ಲಲಿಲ್ಲ. ಹೆದ್ದಾರಿಗೆ ಬಂದೊಡನೆ ಗಾಳಿಯ ಮೊರೆತದಲ್ಲಿ ಅದು ಅಡಗುವುದರಿಂದ ಎಲ್ಲವೂ ಸರಿಹೋಯಿತೆಂಬ ಭ್ರಮೆಯೂ ಹುಟ್ಟುತ್ತದೆ. ಇಂಥ ಸದ್ದಿಗೆ ಅನೇಕ ವೇಳೆ ಕಾರಣವಾಗಿರುವುದು ಗ್ಯಾರೇಜಿನವರು ‘ಲಿಂಕ್ ರಾಡ್’ ಎಂದು ಕರೆಯುವ ಒಂದು ಬಡಕಲು ಸರಳು.

ಅದರ ಕೆಲಸವನ್ನು ತಿಳಿಯದೆ ಅದರ ಕಾಯಿಲೆಯನ್ನು ತಿಳಿಯುವಂತಿಲ್ಲ. ತಿರುವಿನಲ್ಲಿ ಕಾರಿನ ಒಡಲು ಹೊರಮಗ್ಗುಲಿಗೆ ವಾಲುತ್ತದೆ. ಈ ವಾಲುವಿಕೆಯನ್ನು ತಗ್ಗಿಸಲು ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಸರಳನ್ನು ಇಟ್ಟಿರುತ್ತಾರೆ. ಅದಕ್ಕೆ ಆಂಟಿ ರೋಲ್ ಬಾರ್ ಎಂದು ಹೆಸರು. ಕೆಲವು ಸಣ್ಣ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಒಂದು ಚಕ್ರ ಮೇಲೇರಿ ಇನ್ನೊಂದು ಕೆಳಗಿಳಿದಾಗ ಸರಳು ತಿರುಚಿಕೊಳ್ಳುತ್ತದೆ. ತಿರುಚಿದ ಉಕ್ಕು ಮತ್ತೆ ನೇರವಾಗಲು ಹವಣಿಸುತ್ತದೆ. ಆ ಹವಣಿಕೆಯೇ ಕಾರನ್ನು ನೆಟ್ಟಗೆ ನಿಲ್ಲಿಸುವ ಬಲ. ಈ ಸರಳಿನ ತುದಿಗಳನ್ನು ಚಕ್ರದ ಕಡೆಯ ಸ್ಟ್ರಟ್ಟಿಗೋ ಕೆಳತೋಳಿಗೋ ಸೇರಿಸುವುದೇ ಲಿಂಕ್. ಅದರ ಎರಡು ಕೊನೆಗಳಲ್ಲೂ ಸಾಮಾನ್ಯವಾಗಿ ಒಂದೊಂದು ಗುಂಡು; ಗುಂಡಿಗೆ ಪ್ಲಾಸ್ಟಿಕ್ಕಿನ ಬಟ್ಟಲು; ಬಟ್ಟಲಲ್ಲಿ ತುಸು ಗ್ರೀಸು; ಮೇಲೊಂದು ರಬ್ಬರಿನ ಚೀಲ. ಮನುಷ್ಯನ ಸೊಂಟದ ಕೀಲೂ ಹೆಚ್ಚು ಕಡಿಮೆ ಇದೇ ಬಗೆಯದು. ರಬ್ಬರು ಹರಿಯಿತೆಂದರೆ ಕೆಸರುನೀರೂ ಮರಳೂ ಒಳಹೊಕ್ಕು, ಕೀಲನ್ನು ಕಾಯಬೇಕಾದ ಗ್ರೀಸೇ ಅದನ್ನು ಅರೆಯುವ ಮಸಿಯಾಗುತ್ತದೆ. ಬಟ್ಟಲು ಸವೆದು ಗುಂಡು ಒಳಗೇ ಕುಣಿಯತೊಡಗುತ್ತದೆ. ಕೇಳಿಬರುವ ಸದ್ದು ಆ ಕುಣಿತದ್ದು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇಟ್ಟುಕೊಂಡಿದ್ದವರು ಮುಂಗಾಲಿಯ ಕೀಲುಗಳಿಗೆ ಕಾಲಕಾಲಕ್ಕೆ ಗ್ರೀಸು ಹೊಡೆಸುತ್ತಿದ್ದರು. ಆ ನೆವದಿಂದಲಾದರೂ ಮೆಕ್ಯಾನಿಕ್ಕಿನ ಕಣ್ಣು ಅವುಗಳ ಮೇಲೆ ಬೀಳುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿದು, ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ನರ ಹೆಸರು ಹೊತ್ತ ಸ್ಟ್ರಟ್ ಇಲ್ಲಿನ ಸಂಸಾರಗಳ ಕಾರುಗಳಲ್ಲಿ ಸಾಮಾನ್ಯವಾಗುತ್ತ ಬಂದಿತು. ಈಗಿನ ಕೀಲುಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿಯೇ ಮುಚ್ಚಿ ಬಂದಂಥವು. ಗ್ರೀಸು ತುಂಬಲು ಬಾಯಿಯೇ ಇಲ್ಲ. ರಬ್ಬರಿನ ಚೀಲದ ಆಯುಸ್ಸೇ ಕೀಲಿನ ಆಯುಸ್ಸು.

ಎಷ್ಟು ಸಾವಿರ ಕಿಲೋಮೀಟರಿಗೆ ಇವನ್ನು ಬದಲಾಯಿಸಬೇಕು ಎಂಬ ಪ್ರಶ್ನೆಗೆ ಒಂದೇ ಅಂಕೆಯ ಉತ್ತರವಿಲ್ಲ. ಅಂಕೆ ಹೇಳುವವರ ಮಾತನ್ನು ತುಸು ಅನುಮಾನದಿಂದಲೇ ಕೇಳಬೇಕು. ರಸ್ತೆಯ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟತಕ್ಕ ದುಂಡನೆಯ ದಿಬ್ಬ. ಬಡಾವಣೆಗಳಲ್ಲಿ ಕಾಣುವುದಾದರೋ ಮೊಳದಗಲದ ಡಾಮರಿನ ಗುಡ್ಡೆ. ಇಂಥ ಗುಡ್ಡೆಗಳನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವ ಕಾರಿಗೂ ಹೆದ್ದಾರಿಯಲ್ಲೇ ಓಡಾಡುವ ಕಾರಿಗೂ ಒಂದೇ ಲೆಕ್ಕ ಹೇಗೆ ಹೊಂದೀತು?

ಆದಕಾರಣ ಲಕ್ಷಣ ನೋಡಿಯೇ ನಿರ್ಣಯಿಸಬೇಕು. ಅದಕ್ಕೆ ಆ ಉಬ್ಬುಗಳೇ ಒಂದು ಉಪಾಯವನ್ನು ಒದಗಿಸುತ್ತವೆ. ಎರಡು ಚಕ್ರಗಳೂ ಏಕಕಾಲಕ್ಕೆ ಏರುವಂತೆ ಉಬ್ಬನ್ನು ನೇರವಾಗಿ ದಾಟಿದರೆ ಅಡ್ಡ ಸರಳು ತಿರುಚಿಕೊಳ್ಳದೆ ಇಡಿಯಾಗಿ ಹೊರಳುತ್ತದೆ. ಲಿಂಕಿನ ಮೇಲೆ ಹೆಚ್ಚು ಭಾರ ಬೀಳದು. ಒಂದೇ ಚಕ್ರ ಗುಂಡಿಗೆ ಇಳಿದಾಗ ಸರಳು ತಿರುಚುತ್ತದೆ. ಲಿಂಕನ್ನು ಎಳೆಯುತ್ತದೆ, ತಳ್ಳುತ್ತದೆ. ನೇರ ಉಬ್ಬಿನಲ್ಲಿ ಮೌನವಾಗಿದ್ದು ಒಂಟಿ ಚಕ್ರದ ಗುಂಡಿಯಲ್ಲಿ ಬಡಿದರೆ ಲಿಂಕಿನ ಮೇಲೆ ಅನುಮಾನ ಪಡಬೇಕು. ಎರಡರಲ್ಲೂ ಬಡಿದರೆ ಶಾಕ್ ಅಬ್ಸಾರ್ಬರನ್ನೋ ಸ್ಟ್ರಟ್ಟಿನ ನೆತ್ತಿಯ ಆಸರೆಯನ್ನೋ ಮೊದಲು ನೋಡುವುದು ಲೇಸು.

ಕಣ್ಣಿನ ಪರೀಕ್ಷೆಗೆ ಜಾಕು ಬೇಕಿಲ್ಲ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಸ್ಟಿಯರಿಂಗನ್ನು ಒಂದು ಮಗ್ಗುಲಿಗೆ ಪೂರ್ತಿ ತಿರುಗಿಸಿದರೆ ಅನೇಕ ಕಾರುಗಳಲ್ಲಿ ಚಕ್ರದ ಹಿಂದೆ ಲಿಂಕ್ ಕಾಣಸಿಗುತ್ತದೆ. ರಬ್ಬರು ಬಿರಿದು ಸುತ್ತಲೂ ಕಪ್ಪು ಜಿಡ್ಡು ಚಿಮ್ಮಿದ್ದರೆ ಕೀಲಿನ ಕಾಲ ಸಮೀಪಿಸಿತೆಂದೇ ಅರ್ಥ. ಮುಷ್ಟಿಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ‘ಕಟಕ್’ ಎಂದರೆ ಆ ಲಿಂಕನ್ನು ಬದಲಾಯಿಸಲೇಬೇಕು. ಇಲ್ಲಿ ಎಷ್ಟೋ ಮೆಕ್ಯಾನಿಕ್‌ಗಳೂ ಎಡವುವ ಒಂದು ಸೂಕ್ಷ್ಮವಿದೆ. ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ ಪರೀಕ್ಷಿಸಿದರೆ ಅಡ್ಡ ಸರಳು ತಿರುಚಿ ಲಿಂಕನ್ನು ಬಿಗಿಯಾಗಿ ಹಿಡಿದಿರುತ್ತದೆ. ಸವೆದ ಕೀಲೂ ಗಟ್ಟಿಯಾಗಿರುವಂತೆ ತೋರುತ್ತದೆ. ಎರಡು ಚಕ್ರಗಳೂ ನೆಲದ ಮೇಲಿರಬೇಕು, ಇಲ್ಲವೆ ಎರಡೂ ಒಂದೇ ಮಟ್ಟಕ್ಕೆ ಮೇಲೆದ್ದಿರಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ತೂರಿಸುವ ಸಾಹಸವನ್ನಂತೂ ಯಾರೂ ಮಾಡಬಾರದು.

“ಬರೀ ಸದ್ದು ತಾನೆ ಸಾರ್, ಇನ್ನೂ ಓಡುತ್ತೆ, ಓಡಿಸಿ” ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುವಂಥದು. ಲಿಂಕ್ ರಾಡಿನ ಮಟ್ಟಿಗೆ ಇದು ಅರೆಪಾಲು ನಿಜ. ಅದು ಮುರಿದರೂ ಚಕ್ರ ಕಳಚದು. ತಿರುವಿನಲ್ಲಿ ಕಾರು ಹೆಚ್ಚಾಗಿ ವಾಲೀತು, ತುಂಡಾದ ಸರಳು ಟೈರಿಗೋ ಬ್ರೇಕಿನ ಕೊಳವೆಗೋ ತಗುಲುವ ಅಪಾಯವಿದ್ದೀತು. ಆದರೆ ಅದೇ ಮಾತನ್ನು ಕೆಳತೋಳಿನ ಬಾಲ್ ಜಾಯಿಂಟಿಗೆ ಹೇಳಿದರೆ ಪ್ರಾಣಕ್ಕೆ ಸಂಚಕಾರ. ಆ ಗುಂಡು ಬಟ್ಟಲಿನಿಂದ ಹೊರಬಿದ್ದರೆ ಚಕ್ರ ಮಗುಚಿಕೊಂಡು ಕಾರು ಆ ಮಗ್ಗುಲಿಗೆ ಕುಸಿಯುತ್ತದೆ. ಟೈ ರಾಡಿನ ತುದಿ ಕಳಚಿದರೆ ಆ ಚಕ್ರ ಸ್ಟಿಯರಿಂಗಿನ ಮಾತನ್ನೇ ಕೇಳುವುದಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿಯಲು ಹೊರಟವರು ಯಾವ ಕೀಲಿನ ಸದ್ದೆಂದು ಖಚಿತಪಡಿಸಿಕೊಳ್ಳದೆ ‘ಬಂದ ಮೇಲೆ ನೋಡೋಣ’ ಎನ್ನುವುದು ಧೈರ್ಯವಲ್ಲ, ಮೊಂಡುತನ.

ಖಚಿತಪಡಿಸಿಕೊಳ್ಳುವ ದಾರಿ ಕಠಿಣವೇನಲ್ಲ. ಕಾರನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಆಟವಿದ್ದರೆ ಅದು ಬಾಲ್ ಜಾಯಿಂಟಿನದಿರಬಹುದು, ಚಕ್ರದ ಬೇರಿಂಗಿನದೂ ಇರಬಹುದು. ಇನ್ನೊಬ್ಬರು ಬ್ರೇಕನ್ನು ಅದುಮಿ ಹಿಡಿದಾಗ ಆಟ ಮಾಯವಾದರೆ ತಪ್ಪು ಬೇರಿಂಗಿನದು, ಉಳಿದರೆ ಕೀಲಿನದು. ಎಡಬಲಗಳಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡಿನ ಕಡೆ ನೋಡಬೇಕು. ಬಾಲ್ ಜಾಯಿಂಟಿನಲ್ಲಿ ಸಡಿಲವಿದೆಯೆಂದು ಖಚಿತವಾದ ಮೇಲೆ ಕಾರು ಗ್ಯಾರೇಜಿನಿಂದ ಹೊರಡುವುದು ಹೊಸ ಕೀಲಿನೊಡನೆಯೇ ಆಗಬೇಕು.

ತೋಳಿನ ರಬ್ಬರ್ ಬುಷ್ಷುಗಳದು ಬೇರೆಯೇ ಸ್ವಭಾವ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡೊಡನೆ ಅವನ್ನು ಕಿತ್ತೆಸೆಯಬೇಕಿಲ್ಲ. ವಯಸ್ಸಾದ ರಬ್ಬರಿಗೆ ಸುಕ್ಕು ಸಹಜ. ಲೋಹದ ಬಳೆಯಿಂದ ರಬ್ಬರು ಬಿಟ್ಟುಕೊಂಡಿದ್ದರೆ, ಬ್ರೇಕು ಹಾಕಿದಾಗ ಕಾರು ಒಂದು ಮಗ್ಗುಲಿಗೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಆಗ ಅವುಗಳನ್ನು ನೋಡಿಸಬೇಕು.

ಇನ್ನು ದುಡ್ಡಿನ ಮಾತು. ಬರೀ ಲಿಂಕ್ ಬದಲಾಯಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾದ ಅಗತ್ಯವಿಲ್ಲ. ಚಕ್ರದ ಕೋನವನ್ನು ಅದು ನಿರ್ಧರಿಸುವುದಿಲ್ಲ. ಟೈ ರಾಡಿನ ತುದಿಯನ್ನೋ ಕೆಳತೋಳನ್ನೋ ಬದಲಾಯಿಸಿದರೆ ಮಾಡಿಸಲೇಬೇಕು, ಇಲ್ಲವಾದರೆ ಉಳಿಸಿದ ಹಣ ಟೈರಿನ ಅಂಗಡಿಗೆ ಹೋಗುತ್ತದೆ. ಲಿಂಕುಗಳನ್ನು ಜೋಡಿಯಾಗಿ ಬದಲಾಯಿಸುವುದು ಕಡ್ಡಾಯವಲ್ಲದಿದ್ದರೂ ಬುದ್ಧಿವಂತಿಕೆ. ಎಡದ್ದೂ ಬಲದ್ದೂ ಒಂದೇ ರಸ್ತೆ ಕಂಡವು. ತೋಳು ಹೊಸದಾದರೆ ಇನ್ನೊಂದು ಎಚ್ಚರಿಕೆ ಬೇಕು. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬುಷ್ಷಿನ ಬೋಲ್ಟನ್ನು ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದೊಡನೆ ಒಳಗಿನ ರಬ್ಬರು ತಿರುಚಿಕೊಂಡು ಅಕಾಲದಲ್ಲಿ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯ ಬಿಗಿ ಕೊಡಿಸಬೇಕು. ಹಾಗೆಂದು ಮೊದಲೇ ಹೇಳಿಟ್ಟರೆ ಮೆಕ್ಯಾನಿಕ್ ಒಮ್ಮೆ ತಲೆಯೆತ್ತಿ ನೋಡುತ್ತಾನೆ, ನೋಡಲಿ.